ಕತ್ತಿಯ ಅಲಗಿನ ಕೆಂಪು ಲೇಪ: ಮಲೆನಾಡಿನ ಬೋರ್ಡೋ ದ್ರಾವಣದ ರಾಸಾಯನಿಕ ಚರಿತ್ರೆ

ಮುಂಗಾರು ಹಿಡಿಯುವ ಮುನ್ನ ಮೂಡಿಗೆರೆ, ಕಳಸದ ಕಡೆಯ ತೋಟಗಳಲ್ಲಿ ಬೋರ್ಡೋ ಕಲಸುವ ಕೆಲಸ ಶುರುವಾಗುತ್ತದೆ. ಒಂದು ಡ್ರಮ್ಮಿನಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟ್), ಇನ್ನೊಂದರಲ್ಲಿ ಸುಣ್ಣ. ಎರಡೂ ಸೇರಿದ ತಿಳಿನೀಲಿ ದ್ರಾವಣವನ್ನು ಅಡಿಕೆಗೊನೆಗೆ ಶೇ. 1ರ ಪ್ರಮಾಣದಲ್ಲಿ, ಕಾಫಿಯ ಎಲೆತುಕ್ಕು ರೋಗಕ್ಕೆ ಶೇ. 0.5ರ ಪ್ರಮಾಣದಲ್ಲಿ ಹೊಡೆಯುತ್ತಾರೆ. ಹದ ನೋಡುವ ಕ್ರಮ ಹಳೆಯದು: ಉಜ್ಜಿ ಹೊಳಪು ಬರಿಸಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು. ಅಲಗು ಕೆಂಪಾದರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಲೆ ಸುಡುತ್ತದೆ.

ಆ ಕೆಂಪು, ಅಪ್ಪಟ ತಾಮ್ರ. ಕತ್ತಿಯ ಕಬ್ಬಿಣ ತನ್ನ ಎರಡು ಎಲೆಕ್ಟ್ರಾನುಗಳನ್ನು ನೀರಿನಲ್ಲಿದ್ದ ತಾಮ್ರದ ಅಯಾನಿಗೆ ಕೊಟ್ಟು ತಾನು ಕರಗಿದೆ. ಈ ವಿವರಣೆ ಇಂದು ಶಾಲೆಯ ಪಾಠ. ಆದರೆ ಔಷಧಿ ಮಲೆನಾಡಿಗೆ ಬಂದಾಗ ಆ ವಿವರಣೆ ಯಾರಲ್ಲೂ ಪೂರ್ತಿಯಾಗಿ ಇರಲಿಲ್ಲ.

ಕತೆಯ ಮೊದಲ ಭಾಗ ಫ್ರಾನ್ಸಿನದು. ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಮೆಡೋಕ್ ಪ್ರಾಂತ್ಯದ ರೈತರು ರಸ್ತೆಬದಿಯ ಬಳ್ಳಿಗಳಿಗೆ ತಾಮ್ರ, ಸುಣ್ಣ ಬೆರೆಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಗುಲದಿದ್ದುದನ್ನು ಸಸ್ಯವಿಜ್ಞಾನಿ ಪಿಯೆರ್ ಮಿಲಾರ್ಡೆ 1882ರಲ್ಲಿ ಗಮನಿಸಿ, 1885ರಲ್ಲಿ ದ್ರಾವಣದ ವಿಧಾನ ಪ್ರಕಟಿಸಿದರು. ಕಳ್ಳರ ಕಾಟದಿಂದ ಹುಟ್ಟಿದ ಔಷಧಿ!

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್, 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಬುಲೆಟಿನ್ ಹೊರತಂದು ಬೋರ್ಡೋ ಸಿಂಪಡಣೆಯನ್ನು ಶಿಫಾರಸು ಮಾಡಿದರು. ಅದುವರೆಗೆ ಬೆಳೆಗಾರರಿಗೆ ಗೊತ್ತಿದ್ದುದು ಮಳೆಗಾಲಕ್ಕೆ ಮುಂಚೆ ಗೊನೆಗೆ ಹೊದಿಕೆಯಾಗಿ ಕೊಟ್ಟೆ ಕಟ್ಟುವುದು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ.

ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ನೀಲ್ಸ್ ಬೋರ್ ಪರಮಾಣುವಿನ ಮಾದರಿ ಮುಂದಿಟ್ಟದ್ದು 1913ರಲ್ಲಿ. ಗಿಲ್ಬರ್ಟ್ ಲೂಯಿಸ್ ಎಲೆಕ್ಟ್ರಾನ್ ಜೋಡಿಯ ಬಂಧ ವಿವರಿಸಿದ್ದು 1916ರಲ್ಲಿ. ಕೋಲ್ಮನ್ನರ ಬುಲೆಟಿನ್ ಇವೆರಡಕ್ಕಿಂತ ಹಳೆಯದು.

ಪರಮಾಣು ಮಾದರಿಯ ಕವಚಗಳಲ್ಲಿ ತಾಮ್ರದ ಎಲೆಕ್ಟ್ರಾನುಗಳ ಜೋಡಣೆ, ಒಳಗಿನಿಂದ ಹೊರಕ್ಕೆ, 2, 8, 18, 1. ತೋಟಕ್ಕೆ ಗೊಬ್ಬರವಾಗಿ ಬೀಳುವ ಪೊಟ್ಯಾಷ್‌ನಲ್ಲಿರುವ ಪೊಟ್ಯಾಸಿಯಂನದು 2, 8, 8, 1. ಇಬ್ಬರಿಗೂ ಹೊರಕವಚದಲ್ಲಿ ಒಂದೇ ಎಲೆಕ್ಟ್ರಾನು. ಆದರೂ ಪೊಟ್ಯಾಸಿಯಂ ಲೋಹ ನೀರು ಸೋಕಿದರೆ ಹೊತ್ತಿಕೊಳ್ಳುತ್ತದೆ, ತಾಮ್ರದ ಹಂಡೆಯಲ್ಲಿ ನಿತ್ಯ ನೀರು ಕಾಯುತ್ತದೆ. ತಾಮ್ರದ ನ್ಯೂಕ್ಲಿಯಸ್‌ನಲ್ಲಿ ಹತ್ತು ಪ್ರೋಟಾನು ಹೆಚ್ಚಿವೆ, ಜೊತೆಗೆ ಬಂದ ಹತ್ತು ಎಲೆಕ್ಟ್ರಾನುಗಳು ಆ ಸೆಳೆತವನ್ನು ಸರಿಯಾಗಿ ಮರೆಮಾಡಲಾರವು. ಹೊರಗಿನ ಒಂಟಿ ಎಲೆಕ್ಟ್ರಾನು ಬಿಗಿಯಾಗಿ ಉಳಿಯುತ್ತದೆ.

ಕತ್ತಿಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ಮೊದಲ ಎಲೆಕ್ಟ್ರಾನು ಕೀಳಲು ಮೋಲ್ ಒಂದಕ್ಕೆ ತಾಮ್ರ ಸುಮಾರು 745 ಕಿಲೋಜೂಲ್ ಬೇಡಿದರೆ ಕಬ್ಬಿಣ 762 ಬೇಡುತ್ತದೆ. ಇಷ್ಟನ್ನೇ ನೋಡಿದರೆ ತಾಮ್ರವೇ ಉದಾರಿ. ಎರಡನೆಯದರಲ್ಲಿ ಲೆಕ್ಕ ತಿರುಗುತ್ತದೆ: ಕಬ್ಬಿಣಕ್ಕೆ 1561 ಸಾಕು, ತಾಮ್ರಕ್ಕೆ 1958 ಬೇಕು, ಏಕೆಂದರೆ ಅದು ಭರ್ತಿಯಾದ ಒಳಕವಚವನ್ನೇ ಒಡೆಯಬೇಕು. ನೀರಿನಲ್ಲಿ ಅಯಾನುಗಳಿಗೆ ಸಿಗುವ ಆಸರೆ ತಾಮ್ರಕ್ಕೆ ತುಸು ಹೆಚ್ಚಿದ್ದರೂ ಈ ಅಂತರ ತುಂಬುವಷ್ಟಿಲ್ಲ. ಬೋರ್ಡೋವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದೆಂಬ ಸೂಚನೆಯ ಹಿಂದೆ ಇರುವುದೂ ಇದೇ.

ಹಾಗಾದರೆ ಸುಣ್ಣದ ಪಾಲೇನು? ಕ್ಯಾಲ್ಸಿಯಂ ತನ್ನ ಎರಡು ಹೊರ ಎಲೆಕ್ಟ್ರಾನುಗಳನ್ನು ಸಲೀಸಾಗಿ ಬಿಟ್ಟುಕೊಡುವ ಧಾತು, ಅದರ ಹೈಡ್ರಾಕ್ಸೈಡ್ ಪ್ರಬಲ ಕ್ಷಾರ. ಆ ಕ್ಷಾರ ಕರಗಿದ ತಾಮ್ರವನ್ನು ಕರಗದ ನೀಲಿ ಕಣಗಳಾಗಿ ಕಟ್ಟಿಹಾಕುತ್ತದೆ. ಮಲೆನಾಡಿನ ಮಳೆಯಲ್ಲೂ ಅವು ಎಲೆಗೆ ಅಂಟಿಕೊಂಡು, ತಾಮ್ರವನ್ನು ಚೂರುಚೂರೇ ಬಿಡುತ್ತವೆ. ಬಿಡುಗಡೆಯಾದ ಅಯಾನಿನ ಒಳಕವಚದಲ್ಲಿ ಒಂದು ಜಾಗ ಖಾಲಿ. ಅದು ಶಿಲೀಂಧ್ರದ ಕಿಣ್ವಗಳಲ್ಲಿರುವ ಗಂಧಕದ ಗುಂಪುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕಿಣ್ವ ಕೆಡುತ್ತದೆ, ಬೀಜಾಣು ಮೊಳೆಯುವುದಿಲ್ಲ.

ಇದೇ ಹಿಡಿತಕ್ಕೆ ಇನ್ನೊಂದು ಮಗ್ಗುಲಿದೆ. ತಾಮ್ರ ಧಾತುವಾದ್ದರಿಂದ ಕೊಳೆತು ಇಲ್ಲವಾಗುವಂಥದ್ದಲ್ಲ. ತರಗೆಲೆ ಕೊಳೆತ ಮೇಲ್ಮಣ್ಣಿನ ಸಾವಯವ ಅಂಶಕ್ಕೂ ಅಷ್ಟೇ ಬಲವಾಗಿ ಕಚ್ಚಿಕೊಂಡು ವರ್ಷವರ್ಷವೂ ಜಮೆಯಾಗುತ್ತದೆ. ದ್ರಾಕ್ಷಿತೋಟಗಳ ಮಣ್ಣಿನಲ್ಲಿ ಇದನ್ನು ಕಂಡ ಐರೋಪ್ಯ ಒಕ್ಕೂಟ, 2019ರಿಂದ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ತಾಮ್ರದ ಮಿತಿ ಹಾಕಿದೆ.