ಪಂಚರತ್ನಂ ಮತ್ತು ಒಂದು ಅಡ್ಡಗೆರೆ

ಬೆಳಕಿನ ಸ್ಪಿನ್ ಕುರಿತ ಇಂದಿನ ಪ್ರಬಂಧಗಳನ್ನು ಓದುವಾಗ ‘ಪಂಚರತ್ನಂ-ಬೆರಿ ಪ್ರಾವಸ್ಥೆ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ನನ್ನ ಕಣ್ಣು ಅಲ್ಲಿನ ಅಡ್ಡಗೆರೆಯ ಮೇಲೆ ನಿಲ್ಲುತ್ತದೆ. ಅದು ಬೀಳಲು ಮೂವತ್ತು ವರ್ಷ ಹಿಡಿಯಿತು.

ಮೊದಲು ಸ್ಪಿನ್ ಎಂದರೇನು ನೋಡೋಣ. ಕೆಲವು ಬೆಳಕಿನಲ್ಲಿ ವಿದ್ಯುತ್ ಕ್ಷೇತ್ರ ತಿರುಪುಮೊಳೆಯಂತೆ ಸುತ್ತುತ್ತ ಮುಂದೆ ಸಾಗುತ್ತದೆ, ಎಡಕ್ಕೋ ಬಲಕ್ಕೋ. ಇಂಥ ಬೆಳಕು ತಾನು ತಾಗಿದ್ದನ್ನು ತಿರುಗಿಸಬೇಕು ಎಂದು 1909ರಲ್ಲಿ ಪಾಯಿಂಟಿಂಗ್ ವಾದಿಸಿದರು. 1931ರಲ್ಲಿ ರಾಮನ್ ಮತ್ತು ಭಗವಂತಂ ಫೋಟಾನಿನ ಸ್ಪಿನ್‌ಗೆ ಪ್ರಯೋಗದ ಪುರಾವೆ ಮುಂದಿಟ್ಟರು. 1936ರಲ್ಲಿ ಅಮೆರಿಕದ ಬೆತ್, ಎಳೆಯೊಂದಕ್ಕೆ ತೂಗುಬಿಟ್ಟ ಕ್ವಾರ್ಟ್ಜ್ ಬಿಲ್ಲೆಯನ್ನು ಬೆಳಕು ತಿರುಗಿಸುವುದನ್ನು ಅಳೆದೇಬಿಟ್ಟರು.

ಇನ್ನು ಬೆಂಗಳೂರಿಗೆ ಬರೋಣ. 1956ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ರಾಮನ್ನರ ಸೋದರಳಿಯ ಶಿವರಾಮಕೃಷ್ಣ ಪಂಚರತ್ನಂಗೆ ಇಪ್ಪತ್ತೆರಡು ವರ್ಷ. ಲೇಸರ್ ಇನ್ನೂ ಹುಟ್ಟಿರಲಿಲ್ಲ, ಕೈಯಲ್ಲಿದ್ದದ್ದು ಹರಳುಗಳು. ಬೆಳಕಿನ ಧ್ರುವೀಕರಣದ ಎಲ್ಲ ಸ್ಥಿತಿಗಳನ್ನೂ ಒಂದು ಗೋಳದ ಮೇಲೆ ಗುರುತಿಸಬಹುದು: ಎಡಸುತ್ತು, ಬಲಸುತ್ತು ಎರಡು ಧ್ರುವಗಳಲ್ಲಿ, ನೇರ ಕಂಪನಗಳು ಸಮಭಾಜಕದ ಮೇಲೆ. ಆ ಗೋಳದ ಮೇಲೆ ತ್ರಿಕೋನವೊಂದನ್ನು ಸುತ್ತಿ ಹೊರಟಲ್ಲಿಗೇ ಮರಳಿದ ಬೆಳಕು ಮೊದಲಿನಂತೆಯೇ ಇರುವುದಿಲ್ಲ, ಅದರ ಪ್ರಾವಸ್ಥೆ ಸರಿದಿರುತ್ತದೆ ಎಂದು ಅವರು ತೋರಿಸಿದರು. ಸರಿದದ್ದು ಎಷ್ಟು? ಆ ತ್ರಿಕೋನದ ಘನಕೋನದ ಅರ್ಧದಷ್ಟು.

ಭೂಗೋಳದ ಮೇಲೆ ಇದನ್ನು ಊಹಿಸಿಕೊಳ್ಳಬಹುದು. ಸಮಭಾಜಕದಲ್ಲಿ ಉತ್ತರಕ್ಕೆ ಕೋಲು ಹಿಡಿದು ಹೊರಡಿ. ಕೋಲನ್ನು ಎಲ್ಲೂ ತಿರುಗಿಸದೆ ಧ್ರುವ ಮುಟ್ಟಿ, 90 ಡಿಗ್ರಿ ಆಚೆಯ ರೇಖಾಂಶದಲ್ಲಿ ಇಳಿದು, ಸಮಭಾಜಕದ ಮೇಲೆ ನಡೆದು ಹೊರಟ ಜಾಗಕ್ಕೇ ಬನ್ನಿ. ಕೋಲು ಕಾಲು ಸುತ್ತು ತಿರುಗಿರುತ್ತದೆ! ತಿರುಗಿಸಿದ್ದು ನೀವಲ್ಲ, ನೆಲದ ಬಾಗು.

1984ರಲ್ಲಿ ಬ್ರಿಸ್ಟಲ್‌ನ ಮೈಕಲ್ ಬೆರಿ ಕ್ವಾಂಟಂ ಲೋಕದಲ್ಲಿ ಇದೇ ಬಗೆಯ ಪ್ರಾವಸ್ಥೆಯನ್ನು ವಿವರಿಸಿ ಪ್ರಸಿದ್ಧರಾದರು. 1986ರಲ್ಲಿ ರಾಮಶೇಷನ್ ಮತ್ತು ನಿತ್ಯಾನಂದ ‘ಕರೆಂಟ್ ಸೈನ್ಸ್’ನಲ್ಲಿ ಹಳೆಯ ಪ್ರಬಂಧವನ್ನು ನೆನಪಿಸಿದರು. ಬೆರಿ ಮರುವರ್ಷವೇ ಪಂಚರತ್ನಂ ಪ್ರಾವಸ್ಥೆಯ ಮೇಲೆ ಬರೆದು ಋಣವನ್ನು ಒಪ್ಪಿಕೊಂಡರು. ಭಾರತದ ಪತ್ರಿಕೆಯಲ್ಲಿ ಬಂದದ್ದಕ್ಕೇ ಅದು ಮೂಲೆಗೆ ಬಿತ್ತು ಎಂಬ ದೂರು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬಾಗಿದ ಕಿರಣದಲ್ಲಿ ಧ್ರುವೀಕರಣ ತಿರುಗುವುದನ್ನು ಸೋವಿಯತ್ ದೇಶದ ರಿತೊವ್ 1938ರಲ್ಲೇ ಬರೆದಿದ್ದರು. ಅವರನ್ನೂ ಜಗತ್ತು ತಡವಾಗಿಯೇ ಓದಿತು. ಉತ್ತರ ಮೊದಲು ಬಂತು, ಅದನ್ನು ಕೇಳುವ ಪ್ರಶ್ನೆ ಆಮೇಲೆ.

ಆ ಪ್ರಶ್ನೆ ಈಗ ಮಸೂರದ ತುದಿಯಲ್ಲಿದೆ. ಪ್ರಬಲ ಮಸೂರ ಬೆಳಕನ್ನು ಒಂದು ಬಿಂದುವಿಗೆ ಹಿಂಡುವಾಗ ಅಂಚಿನ ಕಿರಣಗಳು ಕಡಿದಾಗಿ ಬಾಗುತ್ತವೆ. ಪಂಚರತ್ನಂ ಗೋಳದಲ್ಲಿ ಬದಲಾಗುವುದು ಧ್ರುವೀಕರಣ, ಇಲ್ಲಿ ಕಿರಣದ ದಿಕ್ಕು. ಜ್ಯಾಮಿತಿ ಅದೇ ಮನೆತನದ್ದು. ಎಡಸುತ್ತಿನ ಬೆಳಕಿಗೂ ಬಲಸುತ್ತಿನದಕ್ಕೂ ಸಿಗುವ ಪ್ರಾವಸ್ಥೆ ಪರಸ್ಪರ ವಿರುದ್ಧ. ಹಾಗಾಗಿ ಸ್ಪಿನ್‌ನ ಒಂದಿಷ್ಟು ಪಾಲು ಸುಳಿಯಾಗಿ ಮಾರ್ಪಡುತ್ತದೆ. 2007ರ ಪ್ರಯೋಗವೊಂದರಲ್ಲಿ, ಹೀಗೆ ಹಿಂಡಿದ ಬೆಳಕಿನೊಳಗೆ ಸಿಕ್ಕಿದ ಸೂಕ್ಷ್ಮ ಕಣಗಳು ಅಕ್ಷದ ಸುತ್ತ ಪ್ರದಕ್ಷಿಣೆ ಹಾಕಿದವು. ಬೆಳಕಿನ ಸುತ್ತು ಬದಲಿಸಿದರೆ ಅವು ಅಪ್ರದಕ್ಷಿಣೆ ಹಾಕುತ್ತಿದ್ದವು.

ಪಂಚರತ್ನಂ ಕೆಲಕಾಲ ಮೈಸೂರಿನಲ್ಲಿ ಪಾಠ ಹೇಳಿ ಆಕ್ಸ್‌ಫರ್ಡ್‌ಗೆ ಹೋದರು. 1969ರಲ್ಲಿ ಅಲ್ಲೇ ತೀರಿಕೊಂಡರು, ಮೂವತ್ತೈದನೆಯ ವಯಸ್ಸಿನಲ್ಲಿ. ಅಡ್ಡಗೆರೆ ಬೀಳುವುದಕ್ಕೆ ಇನ್ನೂ ಹದಿನೇಳು ವರ್ಷವಿತ್ತು.