ಪೋಷಕರು ಮತ್ತು ಶಾಲಾ ಶಿಕ್ಷಣ ನೀತಿ: ಕರ್ನಾಟಕದ ಇತಿಹಾಸ

ಕರ್ನಾಟಕದ ಶಾಲೆಗಳಲ್ಲಿ ಪೋಷಕರ ಸ್ಥಾನ ಎರಡು ಶತಮಾನಗಳಲ್ಲಿ ಹಲವು ಸಲ ಬದಲಾಗಿದೆ. ಮೊದಲು ಐಗಳಿಗೆ, ಅಂದರೆ ಊರ ಮೇಷ್ಟ್ರಿಗೆ, ಕೂಲಿ ಕೊಟ್ಟು ಮಠವೆಂಬ ಊರ ಶಾಲೆ ನಡೆಸುತ್ತಿದ್ದವರೇ ಅವರು. ಸರ್ಕಾರಿ ಶಾಲೆ ಬಂದಮೇಲೆ ಕಟ್ಟಡಕ್ಕೆ ನೆರವಾಗುವವರಾದರು, ಕಡ್ಡಾಯ ಶಿಕ್ಷಣದ ಕಾನೂನು ಬಂದಾಗ ದಂಡ ತೆರಬೇಕಾದವರಾದರು. ಚುನಾಯಿತ ಸದಸ್ಯರಾಗಿ ಶಾಲೆಯ ಲೆಕ್ಕ ಕೇಳುವ ಅಧಿಕಾರ ಅವರಿಗೆ ದಕ್ಕಿದ್ದು 2001ರಲ್ಲಿ.

ಸರ್ಕಾರಿ ಶಾಲೆಗಳಿಗಿಂತ ಮುಂಚಿನ ಸ್ಥಿತಿಗೆ ಒಳ್ಳೆಯ ದಾಖಲೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಮದ್ರಾಸಿಗೆ ಕಳಿಸಿದ ವರದಿ. ಗವರ್ನರ್ ಥಾಮಸ್ ಮನ್ರೋ ಎಲ್ಲ ಜಿಲ್ಲೆಗಳಿಂದ ಇಂಥ ಮಾಹಿತಿ ಕೇಳಿದ್ದ. ಆಗಿನ ವಿಶಾಲ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, 6,641 ಮಕ್ಕಳು ಕಲಿಯುತ್ತಿದ್ದರು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು, ಇಂಗ್ಲಿಷಿನದು ಒಂದೇ ಒಂದು. ಹೆಣ್ಣುಮಕ್ಕಳ ಸಂಖ್ಯೆ ಬರೀ 60. ಮಗುವನ್ನು ಶಾಲೆಗೆ ಸೇರಿಸುವ ಶಾಸ್ತ್ರವನ್ನೂ ಕ್ಯಾಂಬೆಲ್ ವಿವರಿಸಿದ್ದಾನೆ. ಐದನೆಯ ವರ್ಷದಲ್ಲಿ ಒಳ್ಳೆಯ ದಿನ ನೋಡಿ ಐಗಳನ್ನೂ ಉಳಿದ ಮಕ್ಕಳನ್ನೂ ಮನೆಗೆ ಕರೆಯುತ್ತಿದ್ದರು. ಗಣಪತಿಯ ಮುಂದೆ ಎಲ್ಲರೂ ಕೂತಿರುವಾಗ ಮಗು ಅಕ್ಕಿಯ ಮೇಲೆ ಬೆರಳಿನಿಂದ ದೇವರ ಹೆಸರು ಬರೆಯುತ್ತಿತ್ತು. ಶಾಲೆಗೂ ಮನೆಗೂ ಇದ್ದ ಈ ನಂಟು ದುಡ್ಡಿನ ನಂಟೂ ಆಗಿತ್ತು. ಐಗಳ ಜೀವನ ನಡೆಯುತ್ತಿದ್ದದ್ದು ಪೋಷಕರು ಕೊಡುವುದರಿಂದಲೇ. ಹಾಗಾಗಿ ಜನ ಬಡವರಾದಂತೆ ಶಾಲೆಗಳು ಮುಚ್ಚುತ್ತಿವೆ, ಮಗು ದುಡಿಮೆಗೆ ಒದಗುವಂತಾದೊಡನೆ ಹೆತ್ತವರು ಶಾಲೆ ಬಿಡಿಸುತ್ತಾರೆ ಎಂದು ಕ್ಯಾಂಬೆಲ್ ಬರೆದ. ಮಕ್ಕಳು ಶಾಲೆಗೆ ಬಾರದಿರುವುದಕ್ಕೆ ಹೆತ್ತವರ ಅಸಡ್ಡೆಯೇ ಕಾರಣ ಎಂದು ಇಂದಿಗೂ ಸಲೀಸಾಗಿ ಹೇಳುವವರು ಆ ವರದಿಯನ್ನು ಒಮ್ಮೆ ಓದಬೇಕು.

ಮೈಸೂರು ಸಂಸ್ಥಾನದಲ್ಲಿ ಶಿಕ್ಷಣಾಧಿಕಾರಿ ಬಿ. ಎಲ್. ರೈಸ್ ಅವರ ಸಲಹೆಯಂತೆ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. ಶಾಲೆಗೆ ಜಾಗ, ಕಟ್ಟಡ ಒದಗಿಸುವ ಹೊಣೆ ಊರಿನವರದಾಯಿತು. ಕಡ್ಡಾಯ ಶಿಕ್ಷಣಕ್ಕೆ ಹಾದಿ ಹಾಕಿದ್ದು ಬರೋಡದ ಸಯಾಜಿರಾವ್ ಗಾಯಕವಾಡ್. ಅವರು 1906ರಲ್ಲಿ ತಮ್ಮ ಸಂಸ್ಥಾನದಾದ್ಯಂತ ಅದನ್ನು ಜಾರಿಗೆ ತಂದರು. ಬ್ರಿಟಿಷ್ ಭಾರತದಲ್ಲಿ ಇದೇ ಉದ್ದೇಶದ ಗೋಪಾಲಕೃಷ್ಣ ಗೋಖಲೆಯವರ ಮಸೂದೆ 1912ರಲ್ಲಿ ಬಿದ್ದುಹೋಯಿತು. ಅದರ ಮರುವರ್ಷವೇ, ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, ಮೈಸೂರು ಪ್ರಾಥಮಿಕ ಶಿಕ್ಷಣ ಶಾಸನ ಮಾಡಿ ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ಕೈಹಾಕಿತು. ಏಕೀಕರಣದ ನಂತರ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ನಿಯಮ ತಂದಿತು. ಇವೆಲ್ಲದರ ಹಿಂದೆ ಇದ್ದ ತಿಳಿವಳಿಕೆ ಒಂದೇ: ಮಗುವನ್ನು ಕಳಿಸುವುದು ಹೆತ್ತವರ ಕರ್ತವ್ಯ, ತಪ್ಪಿದರೆ ದಂಡ. ಶಾಲೆಯಲ್ಲಿ ಮೇಷ್ಟ್ರಿಲ್ಲದಿದ್ದರೆ ಹೆತ್ತವರು ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಅಲ್ಲಿ ಎದ್ದಿರಲಿಲ್ಲ.

1986ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತು ಪಂಚಾಯತ್‌ಗಳ ಕುರಿತ ಸಂವಿಧಾನದ 73ನೇ ತಿದ್ದುಪಡಿಯ ನಂತರ ಗ್ರಾಮ ಶಿಕ್ಷಣ ಸಮಿತಿಗಳು ಹುಟ್ಟಿಕೊಂಡವು. ಇವು ಊರ ಪ್ರಮುಖರ ಸಮಿತಿಗಳಾದವು. ಸ್ವಂತ ಮಗು ಆ ಶಾಲೆಯಲ್ಲಿ ಓದುತ್ತಿರಲೇಬೇಕೆಂಬ ಕಟ್ಟುಪಾಡು ಎಲ್ಲ ಸದಸ್ಯರಿಗೂ ಇರಲಿಲ್ಲ.

ಈ ಕೊರತೆಯನ್ನು ನೇರವಾಗಿ ಗುರುತಿಸಿದ್ದು ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ. ಅದರ ಶಿಫಾರಸಿನ ಮೇಲೆ, ಎಸ್. ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2001ರ ಏಪ್ರಿಲ್‌ನಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಡಿಎಂಸಿ, ಸರ್ಕಾರಿ ಆದೇಶದ ಮೂಲಕ ರಚನೆಯಾಯಿತು. ಇಡೀ ಊರಿಗೊಂದು ಸಮಿತಿಯ ಬದಲು ಪ್ರತಿ ಶಾಲೆಗೂ ಒಂದು ಸಮಿತಿ. ಆ ಶಾಲೆಯ ಮಕ್ಕಳ ತಂದೆ ತಾಯಂದಿರು ಸಭೆ ಸೇರಿ ತಮ್ಮೊಳಗಿನ ಒಂಬತ್ತು ಜನರನ್ನು ಆರಿಸಬೇಕಿತ್ತು, ಅಧ್ಯಕ್ಷರೂ ಅವರಲ್ಲೊಬ್ಬರೇ ಆಗಬೇಕಿತ್ತು. ಮಹಿಳೆಯರಿಗೆ, ಪರಿಶಿಷ್ಟರಿಗೆ ಸ್ಥಾನ ಮೀಸಲು. ಮುಖ್ಯೋಪಾಧ್ಯಾಯರು ಸದಸ್ಯ ಕಾರ್ಯದರ್ಶಿ. ಶಾಲೆಯ ಹಣ ಅಧ್ಯಕ್ಷರು ಮತ್ತು ಮುಖ್ಯೋಪಾಧ್ಯಾಯರ ಜಂಟಿ ಖಾತೆಗೆ ಬರುತ್ತದೆ. ಅಧ್ಯಕ್ಷರ ಸಹಿ ಇಲ್ಲದೆ ಚೆಕ್ ಹೊರಡದು. ಕೂಲಿ ಮಾಡುವ ಅಪ್ಪನೊಬ್ಬನ ಸಹಿ ಮುಖ್ಯೋಪಾಧ್ಯಾಯರ ಸಹಿಯ ಪಕ್ಕದಲ್ಲಿ ಬೀಳುವುದು ಸಣ್ಣ ಬದಲಾವಣೆಯಲ್ಲ. ಈ ರಾಜ್ಯದ ಶಿಕ್ಷಣಾಡಳಿತದಲ್ಲಿ ಇಷ್ಟು ಪ್ರಜಾಸತ್ತಾತ್ಮಕವಾದ ಹೆಜ್ಜೆ ಮತ್ತೊಂದಿಲ್ಲ. 2006ರ ಮಾದರಿ ಉಪವಿಧಿಗಳು ಈ ಸಮಿತಿಗಳನ್ನು ಪಂಚಾಯತ್ ವ್ಯವಸ್ಥೆಯೊಂದಿಗೆ ಬೆಸೆದವು.

ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು ಈ ಸಮಿತಿಯದೇ ಕೆಲಸ ಎನ್ನುತ್ತದೆ 22ನೇ ಸೆಕ್ಷನ್. ಮಗುವನ್ನು ಶಾಲೆಗೆ ಸೇರಿಸುವ ಕರ್ತವ್ಯವನ್ನು ಹೆತ್ತವರ ಮೇಲೆ ಉಳಿಸಿಕೊಂಡರೂ ಕಾಯ್ದೆ ಅದಕ್ಕೆ ದಂಡ ಇಟ್ಟಿಲ್ಲ. ಹಳೆಯ ಕಾನೂನುಗಳಿಂದ ಇದು ಬೇರೆಯಾಗುವುದು ಇಲ್ಲಿಯೇ.

ಆಚರಣೆಯಲ್ಲಿ ಸಮಿತಿಗಳ ಬಲ ಒಂದೇ ಸಮನಾಗಿಲ್ಲ. ಸಭೆ ಶಾಲೆಯ ವೇಳೆಯಲ್ಲೇ ನಡೆದರೆ ಸದಸ್ಯೆಯಾದ ತಾಯಿ ಒಂದು ದಿನದ ಕೂಲಿ ಬಿಡಬೇಕಾಗುತ್ತದೆ. ಅವಳು ಬರದಿದ್ದರೆ ನಡಾವಳಿ ಪುಸ್ತಕವೇ ಸಂಜೆ ಅವಳ ಮನೆ ಬಾಗಿಲಿಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಏನು ಠರಾವಾಯಿತೆಂದು ಅವಳಿಗೆ ಓದಿ ಹೇಳುವವರು ಅಪರೂಪ. ಮುಖ್ಯೋಪಾಧ್ಯಾಯರು ಲೆಕ್ಕದ ಪುಸ್ತಕವನ್ನು ಎಲ್ಲರ ಮುಂದೆ ತೆರೆದಿಡುವ ಕಡೆ ಬಿಸಿಯೂಟದ ಗುಣಮಟ್ಟ, ಶೌಚಾಲಯದ ನೀರು, ಖಾಲಿ ಹುದ್ದೆ ಎಲ್ಲವೂ ಚರ್ಚೆಗೆ ಬರುತ್ತವೆ. ಮಕ್ಕಳ ಕಲಿಕೆಯನ್ನು ಹೆತ್ತವರ ಎದುರಿಗಿಡುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ಆಶಯವೂ ಇದೇ.

ಪೋಷಕರ ಇನ್ನೊಂದು ಪಾತ್ರ ರೂಪುಗೊಂಡದ್ದು ನ್ಯಾಯಾಲಯದಲ್ಲಿ. ಪ್ರಾಥಮಿಕ ಹಂತದ ಮಾಧ್ಯಮ ಮಾತೃಭಾಷೆಯಾಗಿರಬೇಕೆಂಬ 1989ರ ಸರ್ಕಾರಿ ಆದೇಶವನ್ನು ಇಂಗ್ಲಿಷ್ ಮಾಧ್ಯಮ ವಿದ್ಯಾರ್ಥಿಗಳ ಪೋಷಕರ ಸಂಘವೇ ಪ್ರಶ್ನಿಸಿತು. 1993ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರ ನಿಂತಿತು. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದು 1994ರಲ್ಲಿ ಮತ್ತೊಂದು ಆದೇಶ ಬಂತು. ಅದರ ಮೇಲಿನ ವ್ಯಾಜ್ಯ ಎರಡು ದಶಕ ಎಳೆದು, 2014ರ ಮೇ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ತೀರ್ಪಿನಲ್ಲಿ ಮುಗಿಯಿತು: ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ತಂದೆ ತಾಯಿ ಅಥವಾ ಪಾಲಕರು, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ. 2019-20ರಲ್ಲಿ ರಾಜ್ಯವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಆಯ್ಕೆಯ ಹಕ್ಕು ಬೇಕಾದದ್ದೇ. ಆದರೆ ಅದನ್ನು ಬಳಸಬಲ್ಲ ಅನುಕೂಲಸ್ಥರು ಸರ್ಕಾರಿ ಶಾಲೆ ಬಿಟ್ಟು ಹೋದಾಗ, ಅಧಿಕಾರಿಗಳು ಕಿವಿಗೊಡುವಂಥ ದನಿಗಳೂ ಅವರೊಂದಿಗೆ ಹೋದವು. ಎಸ್‌ಡಿಎಂಸಿಗೆ ಕಾನೂನಿನ ಬಲ ಬಂದ ಕಾಲದಲ್ಲೇ ಅದರ ಸಾಮಾಜಿಕ ಬಲ ಕರಗಿತು.

ಖಾಸಗಿ ಶಾಲೆಗೆ ಹೋದವರಿಗೂ ಅಲ್ಲಿ ದನಿ ಸಿಗಲಿಲ್ಲ. ಕೋವಿಡ್ ಕಾಲದಲ್ಲಿ ಇದು ಬಯಲಾಯಿತು. ಬಾಗಿಲು ಮುಚ್ಚಿದ ಶಾಲೆಗಳಿಗೆ ಪೂರ್ತಿ ಶುಲ್ಕ ಕಟ್ಟುವುದನ್ನು ವಿರೋಧಿಸಿ ಪೋಷಕರು ಬೀದಿಗಿಳಿದರು. 2021ರ ಜನವರಿಯಲ್ಲಿ ಸರ್ಕಾರ ಬೋಧನಾ ಶುಲ್ಕವನ್ನು ಶೇ. 70ಕ್ಕೆ ಇಳಿಸಿತು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ರಿಯಾಯಿತಿಯನ್ನು ಶೇ. 15ಕ್ಕೆ ಸೀಮಿತಗೊಳಿಸಿತು. ಶಾಲೆಯೊಳಗೆ ಇತ್ಯರ್ಥವಾಗಬಹುದಾಗಿದ್ದ ಮಾತು ಹೈಕೋರ್ಟಿನವರೆಗೆ ಹೋಗಬೇಕಾಯಿತು. ಏಕೆಂದರೆ ಪೋಷಕರ ಸಮಿತಿಯನ್ನು ಕಡ್ಡಾಯ ಮಾಡುವ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಅನುದಾನರಹಿತ ಖಾಸಗಿ ಶಾಲೆಗಳಿಗೆ ಅನ್ವಯಿಸುವುದಿಲ್ಲ.