ವಿಕಲಚೇತನ ಮಕ್ಕಳೊಂದಿಗೆ ಮನರಂಜನಾ ಉದ್ಯಾನ ಭೇಟಿ: ಪೋಷಕರಿಗೆ ಮಾಹಿತಿ

(ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಸಾರ್ವಜನಿಕರ ಅವಗಾಹನೆಗಾಗಿ)

1. ಪೀಠಿಕೆ

ಆಟ ಮತ್ತು ಮನರಂಜನೆಯು ಪ್ರತಿಯೊಂದು ಮಗುವಿನ ಹಕ್ಕಾಗಿರುತ್ತದೆ. ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 30ನೇ ಅನುಚ್ಛೇದವು, ವಿಕಲಚೇತನ ಮಕ್ಕಳಿಗೆ ಇತರ ಮಕ್ಕಳಂತೆಯೇ ಆಟ ಹಾಗೂ ಮನರಂಜನೆಯ ಅವಕಾಶ ದೊರೆಯಬೇಕೆಂದು ತಿಳಿಸುತ್ತದೆ. ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಕುಟುಂಬಗಳು ಹೆಚ್ಚಾಗಿ ಭೇಟಿ ನೀಡುವ ವಂಡರ್‌ಲಾ ಉದ್ಯಾನವು ಮೈಸೂರು ರಸ್ತೆಯಲ್ಲಿ ಬಿಡದಿ ಬಳಿ ಇದೆ. 2005ರಲ್ಲಿ ಅದು ಆರಂಭವಾದಾಗ ಆ ಪ್ರದೇಶವು ಇದೇ ಜಿಲ್ಲೆಗೆ ಸೇರಿದ್ದು, 2007ರಲ್ಲಿ ರಾಮನಗರ ಜಿಲ್ಲೆಯ ರಚನೆಯೊಂದಿಗೆ ಪ್ರತ್ಯೇಕಗೊಂಡಿತು.

2. ಕಾನೂನಿನ ರಕ್ಷಣೆ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-04-2017ರಿಂದ ಜಾರಿಯಲ್ಲಿದ್ದು, 21 ಬಗೆಯ ವೈಕಲ್ಯಗಳನ್ನು ಗುರುತಿಸಿರುತ್ತದೆ. ಇದರ ಮುಖ್ಯ ಅಂಶಗಳು:

ಅ) ಸಾರ್ವಜನಿಕರು ವಿರಾಮ ಮತ್ತು ಮನರಂಜನೆಗಾಗಿ ಬಳಸುವ ಖಾಸಗಿ ಕಟ್ಟಡವೂ ‘ಸಾರ್ವಜನಿಕ ಕಟ್ಟಡ’ದ ವ್ಯಾಖ್ಯೆಗೆ ಒಳಪಡುತ್ತದೆ.
ಆ) ಕಲಂ 3ರಂತೆ ವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ. ನ್ಯಾಯಸಮ್ಮತ ಉದ್ದೇಶಕ್ಕಾಗಿ, ಅಗತ್ಯವಿರುವಷ್ಟು ಮಾತ್ರ ನಿರ್ಬಂಧ ವಿಧಿಸಲಾಗಿದೆಯೆಂದು ತೋರಿಸಿದಲ್ಲಿ ಅದು ಇದಕ್ಕೆ ಹೊರತು.
ಇ) ಕಲಂ 29 ಸಾಂಸ್ಕೃತಿಕ ಜೀವನ ಮತ್ತು ಮನರಂಜನೆಯಲ್ಲಿ ಸಮಾನ ಅವಕಾಶಕ್ಕೆ ಸಂಬಂಧಿಸಿರುತ್ತದೆ.

3. ಗುರುತಿನ ಚೀಟಿ

ಪೋಷಕರು ಮಗುವಿನ ವಿಶಿಷ್ಟ ಗುರುತಿನ ಚೀಟಿಯನ್ನು (ಯು.ಡಿ.ಐ.ಡಿ. ಕಾರ್ಡ್) ಜೊತೆಯಲ್ಲಿ ಇರಿಸಿಕೊಳ್ಳುವುದು. ವೈಕಲ್ಯವು ಶೇ. 40ಕ್ಕಿಂತ ಕಡಿಮೆ ಇದ್ದಲ್ಲಿ ಬಿಳಿ, ಶೇ. 40ರಿಂದ ಮೇಲ್ಪಟ್ಟು ಶೇ. 80ಕ್ಕಿಂತ ಕಡಿಮೆ ಇದ್ದಲ್ಲಿ ಹಳದಿ, ಶೇ. 80 ಮತ್ತು ಮೇಲ್ಪಟ್ಟಲ್ಲಿ ನೀಲಿ ಪಟ್ಟಿ ಇರುತ್ತದೆ. ಇದು ದೇಶದಾದ್ಯಂತ ಮಾನ್ಯ. ಚೀಟಿ ಇಲ್ಲದವರು ಸ್ವಾವಲಂಬನ್ ಜಾಲತಾಣದಲ್ಲಿ ಆಧಾರ್, ವಿಳಾಸದ ದಾಖಲೆ ಮತ್ತು ಭಾವಚಿತ್ರದೊಂದಿಗೆ ಅರ್ಜಿ ಸಲ್ಲಿಸಬಹುದು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಈ ಬಗ್ಗೆ ನೆರವು ನೀಡುತ್ತಾರೆ.

4. ಪ್ರಯಾಣ

ವಿಕಲಚೇತನರ ರಿಯಾಯಿತಿ ಬಸ್ ಪಾಸಿಗೆ ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಬಹುದು. ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಸೌಲಭ್ಯವಿದ್ದು, ಗಾಲಿಕುರ್ಚಿ ಬಳಸುವ ಮಕ್ಕಳಿಗೆ ಅನುಕೂಲಕರ. ಹೊಸಕೋಟೆಯವರು ವೈಟ್‌ಫೀಲ್ಡ್ (ಕಾಡುಗೋಡಿ) ನಿಲ್ದಾಣದಿಂದ ಮಾರ್ಗ ಬದಲಿಸದೆ ಮೈಸೂರು ರಸ್ತೆಯ ಚಲ್ಲಘಟ್ಟ ತಲುಪಬಹುದು. ನೆಲಮಂಗಲದವರು, ನವೆಂಬರ್ 2024ರಲ್ಲಿ ಆರಂಭವಾದ ಮಾದಾವರ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಿಸುವುದು. ಚಲ್ಲಘಟ್ಟದಿಂದ ಮುಂದಕ್ಕೆ ರಸ್ತೆ ಪ್ರಯಾಣ ಮಾಡಬೇಕಾಗುತ್ತದೆ.

5. ಹೊರಡುವ ಮುನ್ನ

ಅ) ಉದ್ಯಾನದ ಕಚೇರಿಗೆ ಮುಂಚಿತವಾಗಿ ದೂರವಾಣಿ ಮಾಡಿ, ಗಾಲಿಕುರ್ಚಿ, ಇಳಿಜಾರು ದಾರಿ, ಶೌಚಾಲಯ, ಪ್ರವೇಶ ಶುಲ್ಕದ ರಿಯಾಯಿತಿ ಹಾಗೂ ಸರದಿಯಲ್ಲಿ ನಿಲ್ಲುವುದರಿಂದ ವಿನಾಯಿತಿ ಇವೆಯೇ ಎಂದು ವಿಚಾರಿಸುವುದು.
ಆ) ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕೆಲವರಿಗೆ ಕುತ್ತಿಗೆಯ ಮೂಳೆಗಳ ಜೋಡಣೆ ಸಡಿಲವಿರುತ್ತದೆ. ಜರ್ಕು ಹೊಡೆಯುವ ಆಟಯಂತ್ರಗಳಿಗೆ ಹತ್ತಿಸುವ ಮುನ್ನ ವೈದ್ಯರ ಸಲಹೆ ಅವಶ್ಯ. ಮೂರ್ಛೆರೋಗ, ಹೃದಯದ ತೊಂದರೆ ಇದ್ದಲ್ಲಿಯೂ ಇದೇ ಕ್ರಮ ಅನುಸರಿಸುವುದು.
ಇ) ಕಾಕ್ಲಿಯರ್ ಇಂಪ್ಲಾಂಟ್ ಇರುವ ಮಗುವಿನ ಹೊರ ಸಾಧನವನ್ನು ನೀರಿನ ಆಟ ಹಾಗೂ ಪ್ಲಾಸ್ಟಿಕ್ ಜಾರುಬಂಡೆಗೆ ಮುನ್ನ ತೆಗೆದಿಡುವುದು. ಆ ಬಳಿಕ ಮಗುವಿಗೆ ಸಿಬ್ಬಂದಿಯ ಸೂಚನೆ ಕೇಳಿಸುವುದಿಲ್ಲವಾದ್ದರಿಂದ, ಮೊದಲೇ ಸನ್ನೆಯಿಂದ ತಿಳಿಸುವುದು.
ಈ) ಗದ್ದಲ ಮತ್ತು ನೂಕುನುಗ್ಗಲನ್ನು ಸಹಿಸದ ಆಟಿಸಂ ಮಕ್ಕಳಿಗೆ ವಾರದ ನಡುವಿನ ಶಾಲಾ ದಿನ ಸೂಕ್ತ. ನೀರಿನ ಆಟಗಳಿಗೆ ನೈಲಾನ್ ಉಡುಪು ಕಡ್ಡಾಯವಿರುವುದರಿಂದ ಮನೆಯಲ್ಲಿಯೇ ರೂಢಿ ಮಾಡಿಸುವುದು. ಪೋಷಕರ ದೂರವಾಣಿ ಸಂಖ್ಯೆಯ ಚೀಟಿ ಮಗುವಿನ ಜೇಬಿನಲ್ಲಿರಲಿ.

6. ಅವಕಾಶ ನಿರಾಕರಿಸಿದಾಗ

ಸುರಕ್ಷತೆಯ ಕಾರಣ ಮತ್ತು ತಾರತಮ್ಯ ಇವೆರಡೂ ಬೇರೆ. ಮಗು ಆಸನದಲ್ಲಿ ನೇರವಾಗಿ ಕುಳಿತು ಸುರಕ್ಷಾ ಸರಳನ್ನು ಹಿಡಿಯಲಾಗದಿದ್ದಲ್ಲಿ, ಆ ಒಂದು ಆಟಯಂತ್ರಕ್ಕೆ ನಿರಾಕರಿಸುವುದು ಸುರಕ್ಷತೆಯ ಕ್ರಮವಾಗಿರುತ್ತದೆ. ಪೋಷಕರು ಇದಕ್ಕೆ ಒತ್ತಾಯಿಸಬಾರದು. ಆದರೆ ಮಗುವನ್ನು ನೋಡಿದ ಮಾತ್ರಕ್ಕೆ ಎಲ್ಲ ಆಟಗಳಿಗೂ, ಅಥವಾ ದ್ವಾರದಲ್ಲಿಯೇ ಪ್ರವೇಶ ನಿರಾಕರಿಸುವುದಕ್ಕೆ ಅದೇ ಸಮರ್ಥನೆ ಅನ್ವಯಿಸಲಾರದು. ಅಂತಹ ಸಂದರ್ಭದಲ್ಲಿ ವ್ಯವಸ್ಥಾಪಕರಿಂದ ಲಿಖಿತ ಕಾರಣ ಕೋರುವುದು. ಟಿಕೆಟ್, ದಿನಾಂಕ, ವೇಳೆ ಮತ್ತು ಸಾಕ್ಷಿಗಳ ವಿವರ ಇರಿಸಿಕೊಳ್ಳುವುದು. ಮಗುವಿನ ಎದುರಿನಲ್ಲಿ ವಾಗ್ವಾದ ಬೇಡ.

ದೂರನ್ನು ಅಧಿನಿಯಮದಡಿ ನೇಮಕಗೊಂಡ ರಾಜ್ಯ ಆಯುಕ್ತರಿಗೆ ಲಿಖಿತವಾಗಿ ಸಲ್ಲಿಸಬಹುದು. ಕಲಂ 82ರಂತೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿರುತ್ತದೆ. ಅಧಿನಿಯಮದ ಉಲ್ಲಂಘನೆಗೆ ಕಲಂ 89ರಂತೆ ಮೊದಲ ಬಾರಿ ರೂ. 10,000ದವರೆಗೆ, ನಂತರದ ಪ್ರತಿ ಉಲ್ಲಂಘನೆಗೆ ರೂ. 50,000ಕ್ಕೆ ಕಡಿಮೆಯಿಲ್ಲದಂತೆ ರೂ. 5 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ.

7. ಇತರೆ

ದೊಡ್ಡ ಉದ್ಯಾನದ ವೆಚ್ಚ ಮತ್ತು ದೂರ ಹೊರೆಯಾಗುವ ಕುಟುಂಬಗಳು ಬೆಂಗಳೂರು ನಗರದ ಕೋಲ್ಸ್ ಪಾರ್ಕ್‌ನಲ್ಲಿ, ವಿಕಲಚೇತನ ಮಕ್ಕಳು ಇತರ ಮಕ್ಕಳೊಡನೆ ಆಡಲೆಂದು ರೂಪಿಸಿದ ಆಟದ ತಾಣಕ್ಕೆ ಭೇಟಿ ನೀಡಬಹುದು.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳನ್ನು ಅಥವಾ ತಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.